ಮೊದಲು ಬಾಯಿ, ಆಮೇಲೆ ಟೇಪು

ನನ್ನ ಟೇಪನ್ನು ಯಾರಾದರೂ ಕೇಳದೆ ಮುಟ್ಟಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಗುಂಡ್ಲುಪೇಟೆಯಲ್ಲಿ ಬ್ಲೌಸು ಹೊಲಿಯುವ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾಳೆ. ಕತ್ತರಿಯ ಮಾತು ಬಿಡಿ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಆದರೆ ಟೇಪು ಎಂದರೆ ಊರ ಸೊತ್ತು. ಪರದೆ ಅಳೆಯಬೇಕೆಂದು ಒಬ್ಬರು, ಮಗು ಎಷ್ಟು ಬೆಳೆದಿದೆ ನೋಡಬೇಕೆಂದು ಇನ್ನೊಬ್ಬರು, ಬೀರು ಬಾಗಿಲಲ್ಲಿ ತೂರುತ್ತದೋ ಇಲ್ಲವೋ ಎಂದು ಮತ್ತೊಬ್ಬರು. ಹೋದ ಟೇಪು ಒಂದೋ ಬರುವುದಿಲ್ಲ, ಬಂದರೆ ತುದಿಯ ತಗಡು ಕಿತ್ತುಕೊಂಡು ಬರುತ್ತದೆ.

ನಾನೂ ನನ್ನ ಗಂಡನೂ ಕೂಡಿ ಬಾಳಿದ ಇಷ್ಟು ವರ್ಷಗಳಲ್ಲಿ ದೊಡ್ಡ ಜಗಳ ಆಡಿದ್ದು ಈ ಟೇಪಿಗಾಗಿಯೇ. ಅಳೆಯಬೇಕೋ ಬೇಡವೋ ಎಂದಲ್ಲ. ಯಾವಾಗ ಅಳೆಯಬೇಕು ಎಂದು.

ಬರೆಯುವಾಗ ಗಂಡನನ್ನು ‘ಅವರು’ ಎಂದು ಬರೆಯುವುದು ಮರ್ಯಾದೆ ಅಂತ ನನಗೂ ಗೊತ್ತು. ಆದರೆ ಅವನು ನನ್ನ ಸೋದರತ್ತೆಯ ಮಗ. ಇಬ್ಬರೂ ಹರದನಹಳ್ಳಿಯ ಒಂದೇ ಬೀದಿಯಲ್ಲಿ ಮೂಗು ಸುರಿಸಿಕೊಂಡು ಬೆಳೆದವರು. ಬುದ್ಧಿ ಬಂದಾಗಿನಿಂದ ಅವನನ್ನು ‘ಬಾವ’ ಎಂದೇ ಕರೆದಿದ್ದೇನೆ, ‘ನೀನು’ ಎಂದೇ ಬೈದಿದ್ದೇನೆ. ಈಗ ಕಾಗದದ ಮೇಲೆ ಹೊಸದಾಗಿ ಬಹುವಚನ ತೊಡಿಸಿದರೆ ಅವನಿಗೇ ನಗು ಬರುತ್ತದೆ.

ಬಾವ ಅರಣ್ಯ ಇಲಾಖೆಯಲ್ಲಿ ವಾಚರ್. ಆಗ ಬಂಡೀಪುರದ ಒಳಗಿನ ಒಂದು ಕ್ಯಾಂಪಿನಲ್ಲಿದ್ದ. ಮೂರು ನಾಲ್ಕು ಜನ, ಸುತ್ತ ಆನೆ ದಾಟದ ಹಾಗೆ ತೋಡಿದ ಕಂದಕ, ಒಂದು ಒಲೆ. ಬೆಳಿಗ್ಗೆ ಎದ್ದು ಕಾಡಿನ ದಾರಿ ಹಿಡಿದು ನಡೆಯುವುದು, ಬೇಟೆಯವರು ಉರುಳು ಕಟ್ಟಿದ್ದಾರೋ, ಹೊಗೆ ಕಾಣುತ್ತದೋ, ಹೆಜ್ಜೆ ಗುರುತು ಯಾವುದು ಎಂದು ನೋಡಿ ಬರುವುದು, ಅದೇ ಕೆಲಸ. ಫೋನು ಸಿಗಬೇಕಾದರೆ ಒಂದು ದಿಣ್ಣೆ ಹತ್ತಬೇಕು. ತಿಂಗಳಲ್ಲಿ ಕೆಲವು ದಿನ ಮಾತ್ರ ಮನೆಗೆ ಬರುತ್ತಿದ್ದ. ಮಗಳು ಚಾಮರಾಜನಗರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ನಾನು, ಹೊಲಿಗೆ ಮೆಷಿನ್ನು, ಬೀದಿಯ ಕಡೆಗೆ ತೆರೆದ ಮುಂದಿನ ಕೋಣೆ, ಅದರ ತುಂಬ ಹರಡಿಕೊಂಡಿರುವ ಬಟ್ಟೆ ಕತ್ತರಿಸುವ ಟೇಬಲ್ಲು.

ಆ ಟೇಬಲ್ಲಿನ ಮೇಲೆ ಯುದ್ಧ ತಂದಿಟ್ಟವನು ನನ್ನ ತಮ್ಮ. ಈಗ ಚಾಮರಾಜನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಆಗ ಮೈಸೂರಿನಲ್ಲಿ ಓದುತ್ತಿದ್ದ. ಒಂದು ರಜೆಗೆ ಬಂದಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಹೆಬ್ಬೆಟ್ಟಿನುದ್ದದ ಪ್ಲಾಸ್ಟಿಕ್ ಸಿಪಾಯಿಗಳನ್ನು ತುಂಬಿಕೊಂಡು ಬಂದ. ಅವನ ರೂಮಿನ ಹುಡುಗರೆಲ್ಲ ಆಡುವ ಆಟವಂತೆ. ಬಾವನೂ ರಜೆಯಲ್ಲಿದ್ದ, ಹೊರಗೆ ಮಳೆ ಹಿಡಿದಿತ್ತು. ತಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಲಿಸಿದ.

ಚೌಕಾಬಾರ ಆಡಿದವರಿಗೆ ಈ ಆಟದ ತಲೆಬುಡ ಮೊದಲು ತಿಳಿಯುವುದಿಲ್ಲ. ಚೌಕಾಬಾರದಲ್ಲಿ ಗೆರೆ ಎಳೆದ ಮನೆಗಳಿರುತ್ತವೆ, ಇದರಲ್ಲಿ ಮನೆಗಳೇ ಇಲ್ಲ. ಟೇಬಲ್ಲೇ ಬಯಲು. ಸಿಪಾಯಿ ಎಲ್ಲಿ ಬೇಕಾದರೂ ನಿಲ್ಲಬಹುದು, ಆದರೆ ಒಂದು ಸರದಿಗೆ ಇಷ್ಟೇ ಇಂಚು ನಡೆಯಬೇಕು ಎಂಬ ಲೆಕ್ಕ. ಶತ್ರು ಎಂಟು ಇಂಚಿನೊಳಗೆ ಇದ್ದರೆ ಓಡಿ ಹೋಗಿ ನುಗ್ಗಬಹುದು. ಕೂದಲೆಳೆಯಷ್ಟು ಹೆಚ್ಚಿದ್ದರೂ ತಲುಪುವುದಿಲ್ಲ, ನಡು ಬಯಲಿನಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾನೆ, ಎದುರಿನವರು ತಮ್ಮ ಸರದಿಯಲ್ಲಿ ಅವನನ್ನು ಮುಗಿಸುತ್ತಾರೆ. ಇಂಚು ಅಳೆಯಲು ಟೇಪು ಬೇಕು. ಆ ಮನೆಯಲ್ಲಿ ಟೇಪು ಇದ್ದದ್ದು ನನ್ನ ಕೊರಳಲ್ಲಿ.

ತಮ್ಮನಿಗೆ ಎರಡೇ ದಿನದಲ್ಲಿ ಬೇಸರ ಬಂತು. ರಜೆ ಮುಗಿಸಿ ಹೊರಟಾಗ ಡಬ್ಬಿಯನ್ನು ಬಿಟ್ಟೇ ಹೋದ. ನಮಗೆ ಮಾತ್ರ ಹುಚ್ಚು ಹಿಡಿಯಿತು. ನೀಲಿ ಲೈನಿಂಗ್ ಬಟ್ಟೆ ಹಾಸಿ ಹೊಳೆ ಮಾಡಿದೆ. ಹಸಿರು ಬ್ಲೌಸ್ ಪೀಸಿನ ಚೂರುಗಳು ಜೋಳದ ಹೊಲವಾದವು. ಬಾವ ಕಾಡಿನಿಂದ ಒಣಗಿದ ಲಾಂಟಾನ ಕಡ್ಡಿಗಳನ್ನು ತಂದು, ಬುಡಕ್ಕೆ ಜೇಡಿಮಣ್ಣು ಮೆತ್ತಿ, ಒಂದು ಪುಟ್ಟ ಕಾಡನ್ನೇ ನಿಲ್ಲಿಸಿದ. ಮಗಳು ಹಾಸ್ಟೆಲಿನಿಂದ ಬಂದವಳು ನೋಡಿ, “ನಿಮ್ಗೇನ್ ಬಂದದೆ ಇಬ್ರುಗೂ? ನನ್ ಫ್ರೆಂಡ್ಸ್ ಬಂದಾಗ ಮಾತ್ರ ಇದ್ನ ಎತ್ತಿಕ್ಬುಡಿ” ಎಂದು ಮುಖ ಮುಚ್ಚಿಕೊಂಡಳು.

ಒಂದು ಆಟ ಒಂದೇ ರಜೆಯಲ್ಲಿ ಮುಗಿಯುತ್ತಿರಲಿಲ್ಲ. ಬಾವ ಹೊರಡುವ ಬೆಳಿಗ್ಗೆ ಸಿಪಾಯಿಗಳು ಎಲ್ಲಿದ್ದರೋ ಅಲ್ಲೇ ನಿಂತಿರುತ್ತಿದ್ದರು. ಅವನು ಮತ್ತೆ ಬರುವವರೆಗೂ ನಾನು ಟೇಬಲ್ಲನ್ನು ಮುಟ್ಟುತ್ತಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ, ಮಂಡಿಯೂರಿ ಬಟ್ಟೆ ಕತ್ತರಿಸುತ್ತಿದ್ದೆ. ಲೈನಿಂಗ್ ಬಟ್ಟೆ ಅಂಗಡಿಯ ಆಪಾ ಒಂದು ಸಲ ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, “ಏನಮ್ಮಾ ಇದು, ಟೇಬಲ್ ಮೇಲೆ ಗೊಂಬೆ, ನೆಲದ ಮೇಲೆ ಟೈಲರ್?” ಎಂದರು. ನಮ್ಮ ಯಜಮಾನರದು, ಅವರು ಬರಲಿ ಎಂದು ಇಟ್ಟಿದ್ದೇನೆ ಎಂದೆ. ಆಪಾ ನನ್ನ ಮಂಡಿಯ ಕೆಳಗೆ ಹಾಕಿಕೊಳ್ಳಲು ಅಂಗಡಿಯಿಂದ ಒಂದು ದಪ್ಪನೆಯ ಫೋಮಿನ ತುಂಡು ಕಳಿಸಿದರು.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಬಾವನ ಆಸೆ ಒಂದು ಹೊಟ್ಟೆ ಹಸಿವಿನ ಹಾಗೆ ಇರುತ್ತಿತ್ತು. ಮದುವೆಯಾಗಿ ಮಗಳು ಕಾಲೇಜಿಗೆ ಬರುವಷ್ಟು ದೊಡ್ಡವಳಾದ ಮೇಲೆ ಹೀಗೆಲ್ಲ ಇರಬಾರದು ಎಂದು ಯಾರೂ ಹೇಳಿಲ್ಲವಲ್ಲ. ಮೆಷಿನ್ನು ತುಳಿಯುತ್ತ ಟೇಬಲ್ಲಿನ ಕಡೆ ನೋಡಿದರೆ, ಅವನ ಸಿಪಾಯಿ ಹೊಳೆಯ ಈ ದಡದಲ್ಲಿ ಬಂದೂಕು ಎತ್ತಿಕೊಂಡು ನಿಂತಿರುತ್ತಿದ್ದ. ಬಾವ ಈಗ ತಾನೆ ಎದ್ದು ನೀರು ಕುಡಿಯಲು ಒಳಗೆ ಹೋಗಿದ್ದಾನೆ ಅನ್ನಿಸುತ್ತಿತ್ತು. ಟೇಪು ನನ್ನ ಕೊರಳಲ್ಲೇ ಇತ್ತು. ಯಾವ ಸಿಪಾಯಿ ಯಾರಿಗೆ ಎಷ್ಟು ದೂರ ಎಂದು ಅಳೆದು ನೋಡಿದ್ದರೆ ಯಾರು ಕೇಳುತ್ತಿದ್ದರು? ಒಂದು ದಿನವೂ ಅಳೆಯಲಿಲ್ಲ. ಅಳೆದುಬಿಟ್ಟರೆ ಆಟ ಅಲ್ಲಿಗೆ ಗೊತ್ತಾಗಿ ಹೋಗುತ್ತದೆ, ಆಮೇಲೆ ಕಾಯುವುದಕ್ಕೆ ಏನಿರುತ್ತದೆ?

ಅಳೆಯುವವನು ಅವನು. ಜಗಳ ಶುರುವಾದದ್ದು ಅಲ್ಲೇ.

ಮೊದಮೊದಲು ಎಲ್ಲ ಸರಿಯಿತ್ತು. ‘ನುಗ್ತೀನಿ’ ಎಂದು ಹೇಳುವುದು, ಆಮೇಲೆ ಅಳೆಯುವುದು. ಆಮೇಲಾಮೇಲೆ ಬಾವ ತನ್ನ ಸರದಿ ಬಂದ ಕೂಡಲೇ ಕೈಚಾಚಿ ನನ್ನ ಕೊರಳಿನಿಂದ ಟೇಪು ಎಳೆದುಕೊಳ್ಳತೊಡಗಿದ. ಅವನ ಸಿಪಾಯಿಯಿಂದ ನನ್ನ ಸಿಪಾಯಿಗೆ ಟೇಪು ಹಿಡಿದು, ಎಂಟರೊಳಗೆ ಇದ್ದರೆ ‘ನುಗ್ತೀನಿ’ ಎನ್ನುವುದು, ಇಲ್ಲದಿದ್ದರೆ ಏನೂ ಗೊತ್ತಿಲ್ಲದವನ ಹಾಗೆ ಟೇಪು ಸುತ್ತಿ ಇನ್ನೊಂದು ಸಿಪಾಯಿಯ ಕಡೆ ತಿರುಗುವುದು.

“ಇದ್ಯಾವ್ ಸೀಮೆ ಆಟ ಬಾವ? ಬಾಯಲ್ಲಿ ಯೋಳು ಮೊದ್ಲು. ಆಮೇಲ್ ಅಳಿ” ಎಂದೆ.

“ಯಾಕೆ? ನೀನು ಬಟ್ಟೆ ಅಳೀದೇ ಕತ್ರಿ ಆಕ್ತೀಯಾ?”

“ಬಟ್ಟೆ ಬಂದು ನನ್ ಮ್ಯಾಲ್ ಬೀಳ್ತದಾ? ಇದು ಯುದ್ದ ಕಣ.”

“ನಿನ್ ಕಣ್ಣೇ ಟೇಪು ಕಣಮ್ಮಿ. ರಸ್ತೇಲ್ ಓಗೋಳ ತೋಳ್ ನೋಡಿ ಅರ್ಧ ಇಂಚ್ ಬಿಗಿ ಆಗದೆ ಅಂತೀಯೆ. ನಾನು ಎಂಗೆ ನಿನ್ ಸಮಕ್ಕೆ ಆಡ್ಲಿ?”

ಅದು ನಿಜವೇ. ಆದರೂ ನನಗೆ ರೇಗಿತು. “ಕಾಡಲ್ಲಿ ಆನೆ ಎದ್ರುಗೆ ಬಂದ್ರೆ ಏನ್ಮಾಡ್ತೀಯ? ಒಸಿ ತಡಿಯಪ್ಪ, ಟೇಪ್ ಇಡೀತೀನಿ ಅಂತೀಯಾ?” ಎಂದು ಛೇಡಿಸಿದೆ. ಇಂಥ ಮಾತಿಗೆ ಬಾವ ತಿರುಗಿ ಎರಡರಷ್ಟು ಹೇಳುವವನು. ಅವತ್ತು ಏನೂ ಹೇಳದೆ ಟೇಪನ್ನು ನನ್ನ ಮಡಿಲಲ್ಲಿ ಹಾಕಿ, ಕೈಕಾಲು ತೊಳೆಯಲು ಎದ್ದುಹೋದ. ಸೋತೆ ಅಂತ ಕೋಪ ಎಂದುಕೊಂಡೆ.

ತಮ್ಮನಿಗೆ ಫೋನು ಮಾಡಿ ನ್ಯಾಯ ಕೇಳಿದೆ. ಅವನು ನಗುತ್ತ, “ಅಕ್ಕ, ಮೈಸೂರಲ್ಲಿ ಇದುಕ್ಕೆ ಮಾತು ಬಿಟ್ಟೋರೂ ಅವ್ರೆ. ಕೆಲವ್ರು ಮೊದ್ಲೇ ಅಳೀಬೋದು ಅಂತಾರೆ, ಕೆಲವ್ರು ಸುತ್ರಾಂ ಕೂಡ್ದು ಅಂತಾರೆ. ಕೂತ್ಕಳಕ್ ಮುಂಚೆ ನೀವೇ ಒಂದ್ ಮಾತ್ ಮಾಡ್ಕಬೇಕು” ಎಂದ. ದೊಡ್ಡ ಜಡ್ಜಿ. ನಮ್ಮನೆಯ ಜಗಳವನ್ನು ನಮ್ಮ ಮನೆಗೇ ವಾಪಸ್ಸು ಕಳಿಸಿದ.

ಬಾವ ಕಾಡಿಗೆ ಹೋದ. ನಾನು ಮೆಷಿನ್ನಿನ ಮುಂದೆ ಕೂತು ಅದನ್ನೇ ಯೋಚಿಸಿದೆ. ಯೋಚಿಸುತ್ತ ಹರದನಹಳ್ಳಿಯ ನಮ್ಮ ಬೀದಿ ನೆನಪಾಯಿತು.

ನಮ್ಮೂರಲ್ಲಿ ಚಿನ್ನಿದಾಂಡು ಆಡುವಾಗ ಒಂದು ಪದ್ಧತಿ ಇತ್ತು. ದಾಂಡಿನಿಂದ ಚಿನ್ನಿಯನ್ನು ಹೊಡೆದವನು, ಅದು ಬಿದ್ದ ಜಾಗವನ್ನು ನೋಡಿ, ಗುಳಿಯಿಂದ ಅಲ್ಲಿಗೆ ಎಷ್ಟು ದಾಂಡಿನ ದೂರವಿದೆ ಎಂದು ಕಣ್ಣಳತೆಯಲ್ಲೇ ಕೇಳಬೇಕು. ‘ಐವತ್ತು ಕೊಡ್ರಿ’ ಎಂದರೆ, ಎದುರಿನವರು ಒಪ್ಪಿದರೆ ಐವತ್ತು ಅವನ ಲೆಕ್ಕಕ್ಕೆ. ಒಪ್ಪದಿದ್ದರೆ ದಾಂಡು ಹಿಡಿದು ಅಳೆಯಬೇಕು. ಅಳತೆ ಐವತ್ತಕ್ಕಿಂತ ಹೆಚ್ಚು ಬಂದರೂ ಅವನಿಗೆ ಸಿಗುವುದು ಕೇಳಿದ್ದಷ್ಟೇ. ಒಂದು ದಾಂಡು ಕಡಿಮೆ ಬಂದರೂ ಔಟು. ಆಸೆಬುರುಕರೆಲ್ಲ ಹೆಚ್ಚು ಕೇಳಿ ಔಟಾಗುತ್ತಿದ್ದರು. ಬಾವ ಯಾವತ್ತೂ ಔಟಾದವನಲ್ಲ. ಕಣ್ಣು ಕಿರಿದು ಮಾಡಿ ನೋಡಿ, ನಿಜವಾದ ಅಳತೆಗಿಂತ ಒಂದೋ ಎರಡೋ ಕಡಿಮೆ ಕೇಳುತ್ತಿದ್ದ. ಅವನು ಕೇಳಿದನೆಂದರೆ ಎದುರಿನವರು ಅಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಜಗಲಿಯ ಮೇಲೆ ಲಂಗ ಮುದುರಿಕೊಂಡು ಕೂತು ನಾನು ಅದನ್ನೆಲ್ಲ ನೋಡುತ್ತಿದ್ದೆ. ಇವನನ್ನೇ ಮದುವೆಯಾಗುವುದು ಎಂದು ತೀರ್ಮಾನ ಮಾಡಿದ್ದೂ ಆ ಜಗಲಿಯ ಮೇಲೆಯೇ, ಆದರೆ ಅದನ್ನು ಅವನಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಅವನು ಮುಂದಿನ ಸಲ ಬಂದಾಗ ಊಟಕ್ಕೆ ಬಡಿಸುತ್ತಲೇ ಹೇಳಿದೆ. “ನಮ್ ಊರಿನ್ ನ್ಯಾಯ ಮಾಡನ ಬಾವ. ಚಿನ್ನಿದಾಂಡ್ನಂಗೆ. ತಲುಪ್ತದೆ ಅಂತ ಬಾಯಲ್ ಕೇಳು. ನಾ ಒಪ್ಪುದ್ರೆ ಟೇಪೇ ಬ್ಯಾಡ. ಒಪ್ದೇ ಓದ್ರೆ ಅಳಿಯನ. ತಪ್ಪುದ್ರೆ ಆ ಸಿಪಾಯಿ ಔಟು.”

ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ತಟ್ಟೆಯ ಮೇಲೆ ಬಗ್ಗಿ, “ಅದೆಲ್ಲ ಉಡುಗ್ರಾಟ ಬುಡಮ್ಮಿ” ಎಂದ.

“ಅಯ್ಯೋ, ಊರಿಗೆಲ್ಲ ನೀನೇ ಕೇಳೋದ್ರಲ್ ಎತ್ತಿದ್ ಕೈ ಅಲ್ವಾ! ಈಗ ಎಂಡ್ರುಗೆ ಎದ್ರುಕಂಡ್ಯಾ?”

ಗಂಡಸರಿಗೆ ಈ ಮಾತು ಸಾಕು. ಒಪ್ಪಿಕೊಂಡ.

ಆಟ ಶುರುವಾಯಿತು. ಬಾವ ಒಂದು ಸಿಪಾಯಿಯನ್ನು ತೋರಿಸಿ ‘ತಲುಪ್ತದೆ’ ಎಂದ. ನಾನು ಒಪ್ಪಲಿಲ್ಲ. ಅಳೆದರೆ ಎಂಟು ಇಂಚಿನ ಮೇಲೆ ಹತ್ತಿರತ್ತಿರ ಒಂದು ಗೇಣು ದೂರ. ಔಟು. ಇನ್ನೊಂದನ್ನು ತೋರಿಸಿದ. ಅದೂ ಔಟು. ನಾನು ಚಪ್ಪಾಳೆ ತಟ್ಟಿ ನಕ್ಕೆ. ಆಮೇಲೆ, ಅವನ ಸಿಪಾಯಿಯ ಮೂಗಿನ ಕೆಳಗೇ ನನ್ನ ಸಿಪಾಯಿ ನಿಂತಿದ್ದರೂ ‘ಇದ್ಕೆ ತಲುಪಕಿಲ್ಲ ಬುಡು’ ಎಂದು ಸುಮ್ಮನಾದ. ಆಗ ನನ್ನ ನಗು ನಿಂತಿತು. ಅದು ತಲುಪುತ್ತದೆ ಎಂದು ಬೀದಿಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತಿತ್ತು.

ಕಾಫಿ ತಂದುಕೊಟ್ಟೆ. ಪಾತ್ರೆಯಿಂದ ತನ್ನ ಲೋಟಕ್ಕೆ ಇನ್ನಷ್ಟು ಬಗ್ಗಿಸಿಕೊಳ್ಳುವಾಗ ಬಾವ ಪಾತ್ರೆಯ ಅಂಚನ್ನು ಲೋಟದ ಅಂಚಿಗೆ ತಾಗಿಸಿ, ತಾಗಿತು ಎಂದು ಖಾತ್ರಿಯಾದ ಮೇಲೆ ಬಗ್ಗಿಸಿದ. ಹಾಗೆ ಮಾಡುವುದನ್ನು ಕೆಲವು ತಿಂಗಳಿಂದ ನೋಡಿದ್ದೆ. ಕ್ಯಾಂಪಿನ ಕತ್ತಲಲ್ಲಿ ಬಿದ್ದ ಅಭ್ಯಾಸ ಇರಬೇಕು ಎಂದುಕೊಂಡಿದ್ದೆ. ಮೆಷಿನ್ನಿನ ಮೇಲೆ ಒಂದು ದಾರದ ಉಂಡೆ ಇತ್ತು. “ಬಾವ, ಇಡ್ಕೊ” ಎಂದು ಮೆಲ್ಲಗೆ ಎಸೆದೆ. ಅವನ ಕೈ ಮುಂದೆ ಬಂತು, ಗಾಳಿಯನ್ನು ಹಿಡಿದು ಮುಚ್ಚಿಕೊಂಡಿತು. ಉಂಡೆ ಅವನ ಎದೆಗೆ ತಗುಲಿ ನೆಲಕ್ಕೆ ಬಿದ್ದು, ದಾರ ಬಿಚ್ಚಿಕೊಳ್ಳುತ್ತ ಬಾಗಿಲವರೆಗೆ ಉರುಳಿಕೊಂಡು ಹೋಯಿತು.

ಇಬ್ಬರೂ ಅದನ್ನೇ ನೋಡುತ್ತ ಕೂತೆವು.

“ಯಾವ್ ಕಣ್ಣು?” ಎಂದೆ.

“ಬಲಗಣ್ಣು.”

ಮಳೆಗಾಲ ಮುಗಿದ ಮೇಲೆ ಆದದ್ದಂತೆ. ಲಾಂಟಾನ ಪೊದೆಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವಾಗ, ಮುಂದಿನವನು ಸರಿಸಿದ ಕಡ್ಡಿ ಚಿಮ್ಮಿ ಬಂದು ಹೊಡೆಯಿತು. ಒಂದು ವಾರ ಕೆಂಪಗಿತ್ತು. ನನಗೆ ಧೂಳು ಬಿದ್ದಿದೆ ಎಂದಿದ್ದ, ಕ್ಯಾಂಪಿನವರಿಗೂ ಅದನ್ನೇ ಹೇಳಿದ್ದ. ಆಮೇಲೆ ಕೆಂಪು ಹೋಯಿತು. ಜೊತೆಗೆ ನೋಟವೂ ಹೋಯಿತು. ಬೆಳಕು, ನೆರಳು, ಅಷ್ಟೇ ಕಾಣುತ್ತಿತ್ತು.

ನನಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು. ಬಾಯಿಗೆ ಬಂದ ಹಾಗೆ ಬೈದೆ. ಬಾವ ಎಲ್ಲವನ್ನೂ ಕೇಳಿಸಿಕೊಂಡು, “ಕಾಡಲ್ಲಿ ಕಣ್ಣೊಂದೇ ಅಲ್ಲ ಕಣಮ್ಮಿ. ಕಿವಿ ಅದೆ, ಮೂಗದೆ. ಆನೆ ಇದ್ರೆ ಗಾಳೀಲೇ ಗೊತ್ತಾಯ್ತದೆ. ಡಾಕ್ಟ್ರತ್ರ ಓದ್ರೆ ಎಲ್ರುಗೂ ಗೊತ್ತಾಯ್ತದೆ. ಕ್ಯಾಂಪಿಂದ ತಗ್ದು ರೋಡ್ ಗೇಟಿಗ್ ಆಕ್ಬುಡ್ತಾರೆ. ದಿನವೆಲ್ಲ ಲಾರಿ ಮುಖ ನೋಡ್ಕಂಡ್ ಕೂತ್ಕಳಾದು. ನನ್ ಕೈಲಾಗಕಿಲ್ಲ” ಎಂದ.

“ಇಲ್ಲಿ ತಪ್ಪ್ ಕೇಳುದ್ರೆ ಔಟಾಗೋದು ಸಿಪಾಯಿ. ಅಲ್ಲಿ ಆನೆ ಎಷ್ಟ್ ದೂರ ಅದೆ ಅಂತ ತಪ್ಪ್ ಕೇಳುದ್ರೆ ಔಟಾಗೋನು ನೀನು ಬಾವ.”

ಬಾವ ಎದ್ದು ದಾರದ ಉಂಡೆಯನ್ನು ಹುಡುಕಿ ತಂದು, ದಾರವನ್ನು ಮತ್ತೆ ಸುತ್ತತೊಡಗಿದ.

ನಾನೇ ಅವನ ಸಾಹೇಬರಿಗೆ ಹೇಳಬಹುದಿತ್ತು. ಆಗ ಅವನು ಮನೆಗೆ ಬರುತ್ತಿದ್ದ, ಆದರೆ ನನ್ನನ್ನು ಮತ್ತೆ ನಂಬುತ್ತಿರಲಿಲ್ಲ. ಹೇಳದಿದ್ದರೆ ಮಾರನೆಯ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಅದೇ ಕಾಡಿಗೆ ಹೋಗುತ್ತಿದ್ದ. ಆ ಮಧ್ಯಾಹ್ನ ಇಡೀ ಇದೇ ಕುದಿಯಿತು. ಕೊನೆಗೆ ನಾನು ಟೇಬಲ್ಲಿನ ಹತ್ತಿರ ಹೋದೆ. ಅವನು ನೆಟ್ಟಿದ್ದ ಕಾಡಿನ ಅಂಚಿನ ಒಂದು ಮರದ ಮೇಲೆ ಬೆರಳಿಟ್ಟೆ. ನನ್ನ ಒಬ್ಬ ಸಿಪಾಯಿಯನ್ನು ಎತ್ತಿ ಹೊಳೆಯಾಚೆ ಒಂದು ಕಡೆ ನಿಲ್ಲಿಸಿದೆ.

“ಬಾ ಇಲ್ಲಿ. ಈ ಮರದಿಂದ ಇವನ್ ಗಂಟ ಎಷ್ಟಿಂಚು ಅದೆ ಕೇಳು. ಚಿನ್ನಿದಾಂಡ್ ನ್ಯಾಯ. ನೀ ಕೇಳ್ದಷ್ಟು ಇದ್ರೆ ಗೆದ್ದೆ, ನಾಳೀಕ್ ಕಾಡಿಗೋಗು, ನಾನ್ ಬಾಯ್ ಬಿಡಕಿಲ್ಲ. ಕಮ್ಮಿ ಬಂದ್ರೆ ಔಟು, ನಾಳೀಕ್ ನನ್ ಜೊತೆ ಡಾಕ್ಟ್ರತ್ರ ಬತ್ತೀಯೆ.”

ಹೇಳಿ ಮುಗಿಸಿದ ಮೇಲೆ ನನ್ನ ತಪ್ಪು ಹೊಳೆಯಿತು. ಎಂಥ ಪೆದ್ದು ನಾನು! ಚಿನ್ನಿದಾಂಡಿನಲ್ಲಿ ಕಡಿಮೆ ಕೇಳಿದರೆ ಔಟಾಗುವುದೇ ಇಲ್ಲ. ಸರಿಯಾಗಿ ಹೇಳು ಎಂದಿದ್ದರೆ ಬೇರೆ. ನಾನು ಕೇಳು ಎಂದುಬಿಟ್ಟಿದ್ದೆ. ಅವನು ‘ಒಂದಿಂಚು’ ಎಂದು ಕೇಳಿದರೂ ಗೆದ್ದಂತೆಯೇ. ಎರಡು ಕಣ್ಣೂ ಇಲ್ಲದವನು ಗೆಲ್ಲಬಹುದಾದ ಪಂದ್ಯ. ಅದನ್ನು ನಮ್ಮೂರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಹಾಗಿರಲಿಲ್ಲ, ಮೊದಲು ಬಾಯಿ ಆಮೇಲೆ ಟೇಪು ಎಂದು ಅಷ್ಟು ದಿನ ಕುಣಿದವಳು ನಾನೇ. ಟೇಪಿನ ತುದಿಯನ್ನು ಮರದ ಬುಡಕ್ಕೆ ಹಿಡಿದು ಕಾದೆ.

ಬಾವ ಬಂದು ನಿಂತ. ಎಡಗಣ್ಣು ಮುಂದಾಗುವ ಹಾಗೆ ತಲೆ ಓರೆ ಮಾಡಿ ಮರವನ್ನು ನೋಡಿದ, ಸಿಪಾಯಿಯನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ.

“ಇಪ್ಪತ್ತು ಕೊಡು” ಎಂದ.

ಟೇಪು ಎಳೆದೆ. ಹದಿನೇಳು ಕೂಡ ತುಂಬಿರಲಿಲ್ಲ. ಅವನೇ “ಔಟು” ಎಂದ. ಆಮೇಲೆ “ಬೆಳಿಗ್ಗೆ ಯಾವ್ ಬಸ್ಸಿಗ್ ಓಗನ?” ಎಂದು ಕೇಳಿದ.

ಜಂಬದವನು, ಅದಕ್ಕೇ ಮೋಸವಿಲ್ಲದೆ ಕಂಡದ್ದನ್ನು ಕೇಳಿದ ಎಂದುಕೊಂಡೆ ನಾನು. ಹಾಗೆಂದುಕೊಂಡೇ ಎಷ್ಟೋ ಕಾಲ ಇದ್ದೆ.

ಡಾಕ್ಟರು ಬೇಗ ಬಂದಿದ್ದರೆ ನೋಡಬಹುದಿತ್ತು ಎಂದರು, ಇನ್ನೊಂದು ಕಣ್ಣನ್ನು ಜೋಪಾನ ಮಾಡಿ ಎಂದರು. ಬಾವನೇ ಹೋಗಿ ಸಾಹೇಬರಿಗೆ ಹೇಳಿದ. ಅವರು ಒಳ್ಳೆಯ ಮಾತಾಡಿಯೇ ಹೆದ್ದಾರಿಯ ಚೆಕ್‌ಪೋಸ್ಟಿಗೆ ಹಾಕಿದರು. ಈಗ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬೈಕಿನಲ್ಲಿ ಹೋಗುತ್ತಾನೆ, ಸಂಜೆ ಮನೆಗೆ ಬರುತ್ತಾನೆ. ದಿನಾ ಬರುತ್ತಾನೆ.

ನನ್ನ ಆಸೆ ಕೈಗೂಡಿತಲ್ಲವೇ? ಬೀದಿಯವರೆಲ್ಲ ಹಾಗೇ ಅಂದರು. ಮೊದಮೊದಲು ನಾನೂ ಸಂಜೆಯಾದರೆ ಮುಖ ತೊಳೆದು, ಹೂ ಮುಡಿದು, ಹೊಸ ಮದುವಣಗಿತ್ತಿಯ ಹಾಗೆ ಓಡಾಡಿದೆ. ಬಾವ ಬರುತ್ತಿದ್ದ, ಊಟ ಚೆನ್ನಾಗಿದೆ ಎನ್ನುತ್ತಿದ್ದ, ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಗಾಳಿ ಬೀಸಿದರೆ ತಲೆ ಎತ್ತುತ್ತಿದ್ದ. ದೂರದಲ್ಲಿ ಗುಡುಗಿದರೆ, “ಆ ಕಡೆ ಕೆರೆ ತುಂಬ್ತೋ ಏನೋ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗೇಟಿನ ಹತ್ತಿರ ಕಾಡು ದಿನವಿಡೀ ಅವನ ಕಣ್ಣೆದುರಿಗೇ ಇರುತ್ತದೆ, ಲಾರಿಗಳು, ಕಾರುಗಳು, ಬಸ್ಸುಗಳು ಎಲ್ಲವೂ ಅದರೊಳಗೆ ಹೋಗುತ್ತವೆ, ಗೇಟು ಎತ್ತುವವನು ಮಾತ್ರ ಹೋಗುವುದಿಲ್ಲ. ಅವನ ಬಟ್ಟೆಯನ್ನು ಒಗೆಯುವಾಗ ಮೊದಲು ಹೊಗೆ, ಹುಲ್ಲು, ಒದ್ದೆ ಮಣ್ಣು ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ಈಗ ಡೀಸೆಲ್ ವಾಸನೆ ಬರುತ್ತದೆ.

ಆಟ ಆಡೋಣ ಎಂದರೆ, “ಆಮೇಲ್ ಆಡನ ಬುಡು” ಎನ್ನುತ್ತಾನೆ. ಅವತ್ತಿನ ಸಿಪಾಯಿಗಳು ಅವತ್ತು ನಿಂತ ಹಾಗೇ ನಿಂತಿದ್ದಾರೆ. ಗಂಡ ದಿನಾ ಮನೆಗೆ ಬಂದರೂ ನಾನು ಇನ್ನೂ ನೆಲದ ಮೇಲೆ ಕೂತೇ ಬಟ್ಟೆ ಕತ್ತರಿಸುತ್ತೇನೆ. ತಿಂಗಳಿಗೊಂದು ಸಲ ಬರುತ್ತಿದ್ದನಲ್ಲ, ಬಾಗಿಲಲ್ಲೇ ಬ್ಯಾಗು ಎಸೆದು, ಕೂತ ಕೂಡಲೇ ಚಿರತೆಯ ಹೆಜ್ಜೆ, ಜೇನಿನ ಹುಟ್ಟು, ಕ್ಯಾಂಪಿನ ಅಡುಗೆಯ ಕತೆ ಎಂದು ಬಾಯಿ ಮುಚ್ಚದೆ ಹೇ‍ಳುತ್ತಿದ್ದನಲ್ಲ, ಆ ಬಾವ ನನಗೆ ಬೇಕೆನಿಸುತ್ತದೆ. ಗಂಡ ಪಕ್ಕದಲ್ಲೇ ಕೂತಿರುವಾಗ ಗಂಡನಿಗಾಗಿ ಹಂಬಲಿಸುವುದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮೊನ್ನೆ ಅವನ ವಾರದ ರಜೆಯ ದಿನ, “ಊಟಿ ಬಸ್ ಅತ್ತಿ ಬಂಡೀಪುರದ್ ಗಂಟ ಓಗ್ಬರನ ಬಾ” ಎಂದೆ.

“ಅಲ್ಲೇನದೆ ನಿಂಗೆ?”

“ನಂಗೇನಿಲ್ಲ. ನಿಂಗದೆ.”

ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟು ಹಿಡಿದು ಅವನನ್ನು ಕೂರಿಸಿದೆ, ನೋಟವಿರುವ ಕಣ್ಣು ಹೊರಗಿನ ಕಡೆಗಿರಲಿ ಎಂದು. ಅವನು ಕೆಲಸ ಮಾಡುವ ಗೇಟಿಗೆ ಬಸ್ಸು ಬಂದಾಗ ಅವನ ಜೊತೆಯವರು ನೋಡಿ ಕೈಬೀಸಿ ನಕ್ಕರು. ಗೇಟು ಎದ್ದಿತು. ಈ ಸಲ ಅವನೂ ಒಳಗೆ ಹೋದ. ಸ್ವಲ್ಪ ದೂರ ಹೋದ ಮೇಲೆ ಅವನ ಬೆನ್ನು ಸೀಟಿನಿಂದ ಮುಂದೆ ಬಂತು. ಒಂದು ತಿರುವಿನಲ್ಲಿ ಆನೆಗಳಿದ್ದವು. ಮರಿಯೂ ಸೇರಿ ಒಂದು ಪುಟ್ಟ ಹಿಂಡು, ಮರಗಳ ಒಳಗೆ, ಹುಲ್ಲು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುತ್ತ ನಿಂತಿದ್ದವು. ಡ್ರೈವರು ಬಸ್ಸನ್ನು ನಿಧಾನ ಮಾಡಿದ.

“ಎಷ್ಟ್ ದೂರ ಅವೆ ಅಮ್ಮಿ?” ಎಂದ ಬಾವ, ತಿರುಗದೆ.

ಬ್ಲೌಸು ಅಳೆಯುವ ಕಣ್ಣು ನನ್ನದು, ಆನೆ ಅಳೆಯುವ ಕಣ್ಣಲ್ಲ. ದೂರದಲ್ಲೇ ಇದ್ದವು, ಬಿದಿರಿನ ಮೆಳೆಯ ಆಚೆ. ಆದರೂ, “ಅತ್ರನೇ ಅವೆ ಬಾವ. ಇಪ್ಪತ್ ದಾಂಡು ಆದಾವು” ಎಂದೆ.

ಅವನು ನಕ್ಕ. ಅವನು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. “ಕಮ್ಮಿ ಕೇಳ್ಬುಟ್ಟೆ” ಎಂದ.

“ಗೆಲ್ಲೋರು ಕಮ್ಮೀನೇ ಕೇಳಾದು. ನಿನ್ನ ನೋಡೇ ಕಲ್ತಿದ್ದು ನಾನು.” ಅಷ್ಟು ಹೇಳಿದವಳು ಅಲ್ಲಿಗೆ ನಿಲ್ಲಿಸಲಾರದೆ ಕೇಳಿಯೇಬಿಟ್ಟೆ. “ಅವತ್ತು ನೀನ್ಯಾಕ್ ಕಮ್ಮಿ ಕೇಳ್ನಿಲ್ಲ ಬಾವ? ಒಂದಿಂಚ್ ಅಂದಿದ್ರೂ ಗೆಲ್ತಿದ್ದೆ. ಗೊತ್ತಿರ್ನಿಲ್ವಾ?”

ಬಸ್ಸು ಮುಂದೆ ಸರಿಯಿತು. ಆನೆಗಳು ಮರೆಯಾಗುವವರೆಗೂ ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ.

“ಗೊತ್ತಿತ್ತು ಕಣಮ್ಮಿ. ಎರಡಿಂಚು ಕೇಳನ ಅಂತ್ಲೇ ಬಂದು ನಿಂತ್ಕಂಡೆ. ನೀನು ಟೇಪ್ ಇಡ್ಕಂಡಿದ್ದಲ್ಲ, ಆ ಕೈ ನಡುಗ್ತಿತ್ತು. ಅದ್ನ ನೋಡಕೆ ಎರಡ್ ಕಣ್ ಬೇಕಾಗಿರ್ನಿಲ್ಲ.”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವನು ನನ್ನ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡ, ಬಸ್ಸಿನಲ್ಲಿ ಅಷ್ಟು ಜನ ಇದ್ದರೂ.

ಬಂಡೀಪುರದ ಸ್ಟಾಪಿನಲ್ಲಿ ಇಳಿದೆವು. ಜಿಂಕೆಗಳು ಹುಲ್ಲಿನ ಮೇಲೆ ಮಲಗಿದ್ದವು. ಬೆಂಚಿನ ಮೇಲೆ ಕೂತೆವು, ಅವನ ಮುಖ ಮರಗಳ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು. ನಾನು ಬ್ಯಾಗು ಎತ್ತಿಕೊಂಡು ಅವನ ಕಡೆ ನೋಡಿದೆ.

“ಒಸಿ ತಡಿ, ಇನ್ನೊಂದ್ ಬತ್ತದೆ” ಎಂದ.

ಆ ಬಸ್ಸನ್ನು ಬಿಟ್ಟೆವು. ಅದರ ಹಿಂದಿನದು ಬಂದಾಗ ಅವನು ಹೇಳುವ ಮೊದಲೇ ನಾನು ಬ್ಯಾಗನ್ನು ಕೆಳಗಿಟ್ಟೆ.